ತಪ್ಪು ಟ್ಯಾಬ್ ಒತ್ತಿದ ರಾತ್ರಿ

ನನ್ನ ಮೊದಲ ಇಂಟರ್‌ವ್ಯೂ ನಡೆದದ್ದು ತೀರ್ಥಹಳ್ಳಿ ಕಡೆಯ ಒಂದು ಕೇಬಲ್ ಟಿ.ವಿ. ಆಫೀಸಿನ ಹಿಂದಿನ ಕೋಣೆಯಲ್ಲಿ. ಇಸ್ತ್ರಿ ಮಾಡಿದ ಶರ್ಟು, ಪ್ಲಾಸ್ಟಿಕ್ ಫೈಲಿನೊಳಗೆ ಡಿಪ್ಲೊಮಾ ಅಂಕಪಟ್ಟಿ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್, ಶೇ 74. ಎದುರು ಕುಳಿತವರು ಫೈಲ್ ತೆರೆಯಲೇ ಇಲ್ಲ. ‘ಬ್ರಿಜ್‌ಗೂ ರೂಟರ್‌ಗೂ ಏನು ವ್ಯತ್ಯಾಸ?’ ಎಂದರು. ಐದು ಅಂಕದ ಪ್ರಶ್ನೆ! ಬ್ರಿಜ್ ಎರಡನೇ ಪದರದಲ್ಲಿ ಕೆಲಸ ಮಾಡುತ್ತದೆ, ಮ್ಯಾಕ್ ವಿಳಾಸ ನೋಡುತ್ತದೆ. ರೂಟರ್ ಮೂರನೇ ಪದರ, ಐಪಿ ವಿಳಾಸ ನೋಡುತ್ತದೆ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ.

ಅವರು ಎದ್ದು ಹೋಗಿ ಬಿಳಿ ಬಣ್ಣದ ಎರಡು ರೇಡಿಯೊ ಡಬ್ಬಿಗಳನ್ನು ತಂದು ಮೇಜಿನ ಮೇಲಿಟ್ಟರು. ‘ಇವೆರಡನ್ನೂ ಮಾತಾಡಿಸು. ನಾನು ಊಟ ಮಾಡಿ ಬರ್ತೀನಿ’ ಎಂದು ಹೊರಟರು.

ಡಬ್ಬಿಗೆ ಕರೆಂಟು ಕೊಟ್ಟೆ, ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿದೆ, ಡಬ್ಬಿಯ ಹಿಂದೆ ಬರೆದಿದ್ದ 192.168.1.20 ಎಂಬ ವಿಳಾಸವನ್ನು ಬ್ರೌಸರ್‌ನಲ್ಲಿ ಹೊಡೆದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಕೇಬಲ್ ಬದಲಿಸಿದೆ. ಇನ್ನೊಂದು ಡಬ್ಬಿ ನೋಡಿದೆ. ಅರ್ಧ ಗಂಟೆ ಕಳೆಯಿತು, ಶರ್ಟಿನ ಇಸ್ತ್ರಿಯೂ ಹೋಯಿತು.

ಅವರು ಕೈ ಒರೆಸಿಕೊಳ್ಳುತ್ತಾ ಬಂದು ಲ್ಯಾಪ್‌ಟಾಪ್ ನೋಡಿದರು. ‘ಎಂತ ಮಾರಾಯ, ರೇಡಿಯೊ ಯಾವ ಬೀದೀಲಿದೆ ಅಂತ ಗೊತ್ತಾಯ್ತು. ನೀನು ಯಾವ ಬೀದೀಲಿದ್ದೀಯ?’

ವಿಷಯ ಇಷ್ಟೇ. ಹೊಸ ರೇಡಿಯೊ ತಾನಾಗಿ ಯಾರಿಗೂ ವಿಳಾಸ ಹಂಚುವುದಿಲ್ಲ. ನನ್ನ ಲ್ಯಾಪ್‌ಟಾಪ್ ‘ಆಟೊಮ್ಯಾಟಿಕ್’ ಎಂದು ಕಾಯುತ್ತಾ ಕುಳಿತಿತ್ತು. ಯಾರೂ ಕೊಡದಿದ್ದಾಗ 169.254ರಿಂದ ಶುರುವಾಗುವ ಒಂದು ವಿಳಾಸವನ್ನು ತಾನೇ ಇಟ್ಟುಕೊಂಡಿತ್ತು. ನಾನು ಕೈಯಿಂದ 192.168.1.50 ಎಂದು ಹಾಕಿ, ಮಾಸ್ಕ್ 255.255.255.0 ಎಂದು ತುಂಬಬೇಕಿತ್ತು. ಆಗ ಇಬ್ಬರೂ ಒಂದೇ ಬೀದಿಯವರು. ಯೂಬಿಕ್ವಿಟಿ ರೇಡಿಯೊ ಆದರೆ 192.168.1.20, ಮೈಕ್ರೊಟಿಕ್ ಆದರೆ ಸಾಮಾನ್ಯವಾಗಿ 192.168.88.1. ಪಾಠದಲ್ಲಿ ಸಬ್‌ನೆಟ್ ಲೆಕ್ಕವನ್ನು ಎಷ್ಟೋ ಸಲ ಬಿಡಿಸಿದ್ದೆ. ನನ್ನದೇ ಲ್ಯಾಪ್‌ಟಾಪಿಗೂ ಆ ಲೆಕ್ಕ ಅನ್ವಯಿಸುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಆದರೂ ಕೆಲಸ ಕೊಟ್ಟರು. ತಿಂಗಳಿಗೆ ಹನ್ನೆರಡು ಸಾವಿರ, ಬೈಕಿಗೆ ಪೆಟ್ರೋಲ್. ಅವರನ್ನು ಎಲ್ಲರೂ ‘ಅಣ್ಣ’ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಮ್ಮ ಕೆಲಸ ಹೀಗಿತ್ತು. ಪೇಟೆಯವರೆಗೆ ಫೈಬರ್ ಬಂದಿದೆ. ಅಲ್ಲಿಂದ ಏಳು ಕಿಲೋಮೀಟರ್ ಆಚೆ, ಗುಡ್ಡದ ಹಿಂದೆ, ಅಡಿಕೆ ತೋಟಗಳ ನಡುವೆ ಚದುರಿದ ಮನೆಗಳು. ಮೊಬೈಲ್ ಸಿಗ್ನಲ್ ಇಲ್ಲ. ಲಾಕ್‌ಡೌನ್ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಗುಡ್ಡದ ತುದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಕೂತ ಮಕ್ಕಳ ಊರು ಇಂಥದ್ದೇ. ಅಲ್ಲಿಗೆ ಫೈಬರ್ ಎಳೆದರೆ ಮಳೆಗಾಲದಲ್ಲಿ ಬೀಳುವ ಮರಗಳೇ ಅದನ್ನು ಉಳಿಸುವುದಿಲ್ಲ. ಹಾಗಾಗಿ ಪೇಟೆಯ ಆಫೀಸಿನ ತಾರಸಿಯಿಂದ ಗುಡ್ಡದ ತುದಿಗೆ ಎದುರುಬದುರು ಎರಡು ಡಿಶ್ ರೇಡಿಯೊ. ಗುಡ್ಡದ ಮೇಲೆ ಸೋಲಾರ್ ಬ್ಯಾಟರಿ, ಒಂದು ಸ್ವಿಚ್, ಊರಿನ ಕಡೆ ಮುಖ ಮಾಡಿದ ಅಗಲದ ಆಂಟೆನಾ. ಪ್ರತಿ ಮನೆಯ ಮೇಲೆ ಒಂದು ಪುಟ್ಟ ಡಿಶ್. ಊರಿನವರು ಅದನ್ನು ‘ಇಂಟರ್ನೆಟ್ ಬುಟ್ಟಿ’ ಎನ್ನುತ್ತಾರೆ. ಒಟ್ಟು 34 ಮನೆ.

ಇವೆಲ್ಲ 5 ಗಿಗಾಹರ್ಟ್ಸ್ ರೇಡಿಯೊಗಳು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಬ್ಯಾಂಡಿನ 605 ಮೆಗಾಹರ್ಟ್ಸ್‌ನಷ್ಟು ತರಂಗಾಂತರವನ್ನು ಬಳಸಲು ಪ್ರತ್ಯೇಕ ಪರವಾನಗಿ ಬೇಡ ಎಂದಿತು. ನಮ್ಮಂಥ ಸಣ್ಣವರಿಗೆ ಅದರಿಂದ ಬಹಳ ಅನುಕೂಲವಾಯಿತು. ಆದರೆ ಈ ತರಂಗಕ್ಕೆ ಮರ ಕಂಡರಾಗದು. ಒಂದು ಡಿಶ್ಶಿನಿಂದ ನೋಡಿದರೆ ಇನ್ನೊಂದು ಕಾಣಬೇಕು. ನೆನೆದ ಎಲೆ ಅಡ್ಡ ಬಂದರೆ ಮುಗಿಯಿತು.

ನಾನು ಸೇರಿದಾಗ ಈ ಎಲ್ಲ ರೇಡಿಯೊಗಳೂ ಬ್ರಿಜ್ ಮೋಡ್‌ನಲ್ಲಿದ್ದವು. ಅಂದರೆ ರೇಡಿಯೊ ಏನನ್ನೂ ಯೋಚಿಸುವುದಿಲ್ಲ, ಗಾಳಿಯಲ್ಲಿ ಎಳೆದ ಕೇಬಲ್ಲಿನಂತೆ ಇರುತ್ತದೆ. ಈ ಕಡೆ ಬಂದದ್ದನ್ನು ಆ ಕಡೆ ದಾಟಿಸುತ್ತದೆ. ರೇಡಿಯೊಗೂ ಒಂದು ಐಪಿ ವಿಳಾಸ ಇರುತ್ತದೆ, ನಿಜ. ಆದರೆ ಅದು ನಾವು ಒಳಹೊಕ್ಕು ಸೆಟ್ಟಿಂಗ್ ನೋಡಲಿಕ್ಕೆ ಮಾತ್ರ. ಆ ವಿಳಾಸ ತಪ್ಪಿದ್ದರೂ ಮನೆಗಳ ಇಂಟರ್ನೆಟ್ ನಡೆಯುತ್ತದೆ. ಇದು ನನಗೆ ಅರ್ಥವಾಗಲು ಒಂದು ತಿಂಗಳು ಬೇಕಾಯಿತು. ಮನೆಗಳಿಗೆ ವಿಳಾಸ ಹಂಚುವ ಕೆಲಸ ಪೇಟೆಯ ಆಫೀಸಿನಲ್ಲಿದ್ದ ಒಂದೇ ರೂಟರ್‌ನದು. ಅದು ಪ್ರತಿ ಮನೆಯ ವೈಫೈ ಡಬ್ಬಿಗೆ 10.10ರಿಂದ ಶುರುವಾಗುವ ಒಂದು ವಿಳಾಸ ಕೊಡುತ್ತಿತ್ತು.

ಬ್ರಿಜ್ ಮೋಡ್ ಹಾಕುವುದು ಸುಲಭ, ನಡೆಯುವಷ್ಟು ದಿನ ಚೆನ್ನಾಗಿಯೂ ನಡೆಯುತ್ತದೆ. ತೊಂದರೆ ಏನೆಂದರೆ, 34 ಮನೆಗಳೂ ಒಂದೇ ಅಂಗಳದಲ್ಲಿ ಕೂತಂತೆ. ಒಬ್ಬರು ಕೂಗಿದ್ದು ಎಲ್ಲರಿಗೂ ಕೇಳುತ್ತದೆ.

ಜುಲೈ ತಿಂಗಳ ಒಂದು ದಿನ ಕರೆಂಟು ಹೋಗಿ ಸಂಜೆ ಬಂತು. ಬಂದ ಮೇಲೆ ಅರ್ಧ ಊರಿಗೆ ಇಂಟರ್ನೆಟ್ ಇಲ್ಲ. ಫೋನಿನ ಮೇಲೆ ಫೋನು, ಎಲ್ಲವೂ ಲ್ಯಾಂಡ್‌ಲೈನಿನಿಂದ. ‘ಪಕ್ಕದ ಮನೇಲಿ ಬರ್ತದೆ, ನಮ್ಮನೇಲಿ ಎಂತ ಆಯ್ತು?’ ನಾನು ಗುಡ್ಡದ ರೇಡಿಯೊ ನೋಡಿದೆ. ಸಿಗ್ನಲ್ ಚೆನ್ನಾಗಿದೆ, ಎಲ್ಲ ಬುಟ್ಟಿಗಳೂ ಜೋಡಣೆಯಲ್ಲಿವೆ. ಮಳೆಯಲ್ಲಿ ಒದ್ದೆಯಾಗುತ್ತಾ ಒಂದು ಮನೆಗೆ ಹೋಗಿ ಬುಟ್ಟಿಯಿಂದ ಬರುವ ಕೇಬಲ್ಲನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಿದೆ. 10.10ರ ವಿಳಾಸ ಬರಬೇಕಾದ ಕಡೆ 192.168.0.105 ಬಂದಿತ್ತು. ನಮ್ಮ ಆಫೀಸಿನಲ್ಲಿ ಅಂಥ ವಿಳಾಸವೇ ಇಲ್ಲ!

ಯಾರೋ ಬೇರೆಯವರು ವಿಳಾಸ ಹಂಚುತ್ತಿದ್ದರು. ‘arp’ ಎಂಬ ಪುಟ್ಟ ಆಜ್ಞೆ ಕೊಟ್ಟು ಆ 192.168.0.1 ಯಾವ ಮ್ಯಾಕ್ ವಿಳಾಸದ್ದೆಂದು ನೋಡಿ, ಅದು ಯಾವ ಬುಟ್ಟಿಯ ಹಿಂದಿದೆ ಎಂದು ಗುಡ್ಡದ ರೇಡಿಯೊದ ಪಟ್ಟಿಯಲ್ಲಿ ಹುಡುಕಿದೆ. ಹೊಳೆ ಹತ್ತಿರದ ಒಂದು ಮನೆ. ಹೋಗಿ ನೋಡಿದರೆ, ಆ ಮನೆಯ ಹುಡುಗ ವೈಫೈ ಡಬ್ಬಿಯನ್ನು ರೀಸೆಟ್ ಮಾಡಿ, ನಮ್ಮ ಕೇಬಲ್ಲನ್ನು ನೀಲಿ ಬಣ್ಣದ ವ್ಯಾನ್ ಕಿಂಡಿಗೆ ಹಾಕುವ ಬದಲು ಪಕ್ಕದ ಹಳದಿ ಲ್ಯಾನ್ ಕಿಂಡಿಗೆ ಹಾಕಿದ್ದ. ಅಷ್ಟೇ. ಮನೆಯೊಳಗಿನ ಮೊಬೈಲುಗಳಿಗೆ ವಿಳಾಸ ಹಂಚಬೇಕಿದ್ದ ಆ ಎಂಟುನೂರು ರೂಪಾಯಿಯ ಡಬ್ಬಿ ಇಡೀ ಊರಿಗೆ ಹಂಚಲು ಶುರುಮಾಡಿತ್ತು. ಕರೆಂಟು ಬಂದಾಗ ಎಲ್ಲ ಮನೆಯ ಡಬ್ಬಿಗಳೂ ಒಟ್ಟಿಗೇ ‘ಯಾರಾದರೂ ವಿಳಾಸ ಕೊಡಿ’ ಎಂದು ಕೂಗಿದವು. ಈ ವ್ಯವಸ್ಥೆಯಲ್ಲಿ ಮೊದಲು ಉತ್ತರ ಕೊಟ್ಟವರದ್ದೇ ಮಾತು. ಆಫೀಸಿನ ರೂಟರ್ ಮೊದಲು ಉತ್ತರಿಸಿದ ಮನೆಗಳಿಗೆ ಇಂಟರ್ನೆಟ್, ಹೊಳೆಮನೆಯ ಡಬ್ಬಿ ಮೊದಲು ಉತ್ತರಿಸಿದ ಮನೆಗಳಿಗೆ ಇಲ್ಲ.

ಗುಡ್ಡದ ಆಂಟೆನಾದಲ್ಲಿ ‘ಕ್ಲೈಂಟ್ ಐಸೊಲೇಷನ್’ ಎಂಬ ಒಂದು ಆಯ್ಕೆ ಇದೆ. ಅದನ್ನು ಒತ್ತಿದ್ದರೆ ಒಂದು ಮನೆಯ ಕೂಗು ಇನ್ನೊಂದು ಮನೆಗೆ ಕೇಳುತ್ತಿರಲಿಲ್ಲ. ಅವತ್ತೇ ಒತ್ತಿದೆವು. ಜೊತೆಗೆ ಅಣ್ಣ ಇನ್ನೊಂದು ನಿರ್ಧಾರ ಮಾಡಿದರು: ಮನೆಗಳ ಮೇಲಿನ ಬುಟ್ಟಿಗಳನ್ನೆಲ್ಲ ರೂಟರ್ ಮೋಡ್‌ಗೆ ಹಾಕೋಣ.

ರೂಟರ್ ಮೋಡ್‌ನಲ್ಲಿ ಬುಟ್ಟಿಗೆ ಎರಡು ಮುಖ. ಗಾಳಿಯ ಕಡೆಯ ಮುಖಕ್ಕೆ ನಮ್ಮ 10.10ರ ಒಂದು ವಿಳಾಸ. ಮನೆಯ ಕಡೆಯ ಮುಖಕ್ಕೆ ಬೇರೆಯೇ ವಿಳಾಸ, ನಾವು 192.168.50.1 ಇಟ್ಟುಕೊಂಡೆವು. ಮನೆಯೊಳಗೆ ವಿಳಾಸ ಹಂಚುವುದೂ ಆ ಬುಟ್ಟಿಯೇ. ಒಳಗಿನವರು ಹೊರಗೆ ಹೋಗುವಾಗ ಬುಟ್ಟಿ ತನ್ನ ಹೆಸರಿನಲ್ಲಿ ಕಳಿಸಿ, ಉತ್ತರ ಬಂದಾಗ ಯಾರದ್ದೋ ಅವರಿಗೆ ಕೊಡುತ್ತದೆ. ಇದಕ್ಕೇ ನ್ಯಾಟ್ ಎನ್ನುವುದು. ಕೇರಿಗೆ ಬರುವ ಕಾಗದಗಳನ್ನೆಲ್ಲ ಅಂಗಡಿಯಲ್ಲಿ ಕೊಟ್ಟು ಹೋಗಿ, ಅಂಗಡಿಯವರು ಮನೆಮನೆಗೆ ತಲುಪಿಸುತ್ತಿದ್ದರಲ್ಲ, ಹಾಗೆ. ಅಂಗಳದಲ್ಲಿ ಕೂತಿದ್ದವರಿಗೆಲ್ಲ ಒಂದೊಂದು ಮನೆ, ಮನೆಗೊಂದು ಬಾಗಿಲು ಬಂದಂತೆ. ಇನ್ನು ಯಾರು ಯಾವ ಕಿಂಡಿಗೆ ಕೇಬಲ್ ಚುಚ್ಚಿದರೂ ಗಲಾಟೆ ಬಾಗಿಲೊಳಗೇ.

ಎಲ್ಲ ಮನೆಯಲ್ಲೂ ಒಂದೇ 192.168.50.1 ಇದ್ದರೆ ಗೊಂದಲ ಆಗದೇ ಎಂದು ಕೇಳಬಹುದು. ಆಗದು. 10, 172.16ರಿಂದ 172.31, 192.168 ಎಂಬ ಮೂರು ಗುಂಪುಗಳನ್ನು ಯಾರು ಬೇಕಾದರೂ ತಮ್ಮ ಗೋಡೆಯೊಳಗೆ ಬಳಸಿಕೊಳ್ಳಲಿ ಎಂದು 1996ರಲ್ಲೇ ಬಿಟ್ಟುಕೊಟ್ಟಿದ್ದಾರೆ. ಜಗತ್ತಿನ ಐಪಿವಿ4 ವಿಳಾಸಗಳು ಒಟ್ಟು 429 ಕೋಟಿ ಚಿಲ್ಲರೆ. ಹಂಚಲು ಇಟ್ಟುಕೊಂಡಿದ್ದ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಮುಗಿದುಹೋಯಿತು. ಈ ಒಳವಿಳಾಸಗಳೂ ನ್ಯಾಟ್ ಎಂಬ ಉಪಾಯವೂ ಇಲ್ಲದಿದ್ದರೆ ಹಳ್ಳಿಯ ಮನೆಗಳಿರಲಿ, ಪೇಟೆಯ ಮೊಬೈಲುಗಳಿಗೂ ವಿಳಾಸ ಸಾಲುತ್ತಿರಲಿಲ್ಲ.

ಬದಲಾವಣೆ ನನಗೆ ವಹಿಸಿದರು. ಹಗಲು ಮಾಡಿದರೆ ಜನರಿಗೆ ತೊಂದರೆ, ಆದ್ದರಿಂದ ರಾತ್ರಿ ಹತ್ತರ ಮೇಲೆ ಆಫೀಸಿನಿಂದಲೇ ಒಂದೊಂದೇ ಬುಟ್ಟಿಯ ಪುಟ ತೆರೆದು ಮಾಡಬೇಕು. ಮೋಡ್ ಬದಲಿಸು, ಗಾಳಿಮುಖದ ವಿಳಾಸ ತುಂಬು, ಮನೆಮುಖದ ವಿಳಾಸ ತುಂಬು, ಹಂಚುವುದನ್ನು ಆನ್ ಮಾಡು, ಅಪ್ಲೈ ಒತ್ತು. ಮೊದಲ ಐದು ಮನೆಗಳನ್ನು ಎರಡೆರಡು ಸಲ ನೋಡಿ ಮಾಡಿದೆ. ಹತ್ತಾದ ಮೇಲೆ ಕೈ ತಾನಾಗಿ ಓಡತೊಡಗಿತು. ಬ್ರೌಸರ್‌ನಲ್ಲಿ ಸಾಲಾಗಿ ಟ್ಯಾಬುಗಳು. ಅವುಗಳಲ್ಲಿ ಒಂದು, ಆಗಾಗ ಸಿಗ್ನಲ್ ನೋಡಲೆಂದು ತೆರೆದಿಟ್ಟಿದ್ದ ಗುಡ್ಡದ ದೊಡ್ಡ ಡಿಶ್ಶಿನದು. ಇಡೀ ಊರಿಗೆ ಇಂಟರ್ನೆಟ್ ತರುವ ಡಿಶ್ಶು.

21 ಮನೆ ಮುಗಿದಿತ್ತು. 22ನೆಯದು ಎಂದುಕೊಂಡು ಅಪ್ಲೈ ಒತ್ತಿದೆ. ಪುಟದ ಮೇಲಿದ್ದ ಹೆಸರನ್ನು ನಾನು ಓದಿದ್ದು ಒತ್ತಿದ ಮೇಲೆ.

ಒಂದು ನಿಮಿಷ ಸುಮ್ಮನೆ ಕೂತಿದ್ದೆ. ಆಮೇಲೆ ತಾರಸಿಯ ರೇಡಿಯೊದ ಪುಟ ತೆರೆದೆ. ಗುಡ್ಡದ ರೇಡಿಯೊ ಜೋಡಣೆಯಲ್ಲೇ ಇದೆ, ಸಿಗ್ನಲ್ ಮೈನಸ್ 58, ಬಹಳ ಚೆನ್ನಾಗಿದೆ. ಆದರೆ ಅದರ ಪುಟ ತೆರೆಯುವುದಿಲ್ಲ, ಆಚೆ ಒಂದು ಮನೆಯೂ ಸಿಗುವುದಿಲ್ಲ. ಸೇತುವೆಯಾಗಿದ್ದದ್ದನ್ನು ನಾನು ಬಾಗಿಲು ಮಾಡಿದ್ದೆ. 22ನೇ ಮನೆಗೆಂದು ಹಾಕಿದ ವಿಳಾಸವಾದರೂ ಅದಕ್ಕಿರಬೇಕಲ್ಲ ಎಂದು ಆ ವಿಳಾಸ ಹೊಡೆದೆ. ಅಲ್ಲೂ ಯಾರಿಲ್ಲ. ಈಗಾದರೆ ವೈರ್‌ಶಾರ್ಕ್ ಹಾಕಿ, ಆ ರೇಡಿಯೊ ಯಾವ ವಿಳಾಸದಿಂದ ಕೂಗುತ್ತಿದೆ ಎಂದು ಕಿವಿಗೊಟ್ಟು ಕೇಳಿ, ಕೂತಲ್ಲಿಂದಲೇ ಸರಿಮಾಡುತ್ತಿದ್ದೆ. ಅವತ್ತು ಅಷ್ಟು ಗೊತ್ತಿರಲಿಲ್ಲ. ಗಂಟೆ ಹನ್ನೆರಡೂವರೆ. ಹೊರಗೆ ಮಳೆ.

ಅಣ್ಣನಿಗೆ ಫೋನ್ ಮಾಡಿದೆ. ಬೈಯಲಿಲ್ಲ. ‘ಈಗ ಗುಡ್ಡ ಹತ್ತಬೇಡ, ಜಾರ್ತದೆ. ಐದೂವರೆಗೆ ಹೊರಡು. ಉಪ್ಪು ತಗೊಂಡು ಹೋಗು, ಉಂಬಳ ಇರ್ತದೆ’ ಎಂದರು. ಸ್ವಲ್ಪ ತಡೆದು, ‘ನಾಳೆ ಹನ್ನೊಂದಕ್ಕೆ ಸಿಇಟಿ ಆಪ್ಷನ್ ಎಂಟ್ರಿ ಮುಗೀತದಂತೆ. ಮೇಲಿನಕೇರಿ ಹುಡುಗಿಯ ಅಪ್ಪ ಸಂಜೆ ಹೇಳ್ತಿದ್ರು’ ಎಂದರು.

ಆ ಹುಡುಗಿ ನನಗೆ ಗೊತ್ತಿತ್ತು. ಬುಟ್ಟಿ ಕಟ್ಟಲು ಹೋದಾಗ ಚಹಾ ತಂದುಕೊಟ್ಟು, ಇಂಜಿನಿಯರಿಂಗಿನಲ್ಲಿ ಇಸಿ ತಗೊಂಡರೆ ಕೆಲಸ ಸಿಗುತ್ತಾ ಎಂದು ಕೇಳಿದ್ದಳು. ಅಣಕು ಸೀಟು ಹಂಚಿಕೆಯಲ್ಲಿ ದೂರದ ಕಾಲೇಜು ಬಂದಿತ್ತಂತೆ. ಹಾಸ್ಟೆಲ್ ಖರ್ಚು ಹೊಂದಿಸಲಾಗದ ಮನೆ. ಪಟ್ಟಿಯಲ್ಲಿ ಹತ್ತಿರದ ಕಾಲೇಜುಗಳನ್ನು ಮೇಲಕ್ಕೆ ತರಬೇಕಿತ್ತು. ರಾತ್ರಿ ಅಪ್ಪ ಮಗಳು ಕೂತು ಯೋಚಿಸಿ ಬೆಳಿಗ್ಗೆ ಮಾಡುವುದೆಂದು ಇಟ್ಟುಕೊಂಡಿದ್ದರು. ನಾನು ನಿದ್ದೆ ಮಾಡಲಿಲ್ಲ.

ಗುಡ್ಡ ಹತ್ತಿ ಮುಗಿಸಿದಾಗ ಏಳೂಮುಕ್ಕಾಲು. ಎಷ್ಟು ಉಂಬಳ ಕಿತ್ತೆನೋ ಲೆಕ್ಕವಿಲ್ಲ. ಸ್ವಿಚ್ಚಿಗೆ ಲ್ಯಾಪ್‌ಟಾಪ್ ಚುಚ್ಚಿದ ಕೂಡಲೇ 192.168.50ರ ಒಂದು ವಿಳಾಸ ಬಂತು, ನಾನೇ ಆನ್ ಮಾಡಿದ್ದ ಹಂಚಿಕೆ. 192.168.50.1 ತೆರೆದರೆ ರೇಡಿಯೊದ ಪುಟ. ಗಾಳಿಮುಖದ ವಿಳಾಸ ನೋಡಿದೆ: 10.10.1.27 ಇರಬೇಕಾದಲ್ಲಿ 10.1.1.27. ಒಂದು ಸೊನ್ನೆ ಬಿಟ್ಟುಹೋಗಿತ್ತು. ಆ ರೇಡಿಯೊ ಬೇರೆ ಬೀದಿಯಲ್ಲಿ ನಿಂತು ರಾತ್ರಿಯಿಡೀ ಆಫೀಸಿನ ರೂಟರನ್ನು ಕರೆಯುತ್ತಿತ್ತು. ಮತ್ತೆ ಬ್ರಿಜ್ ಮೋಡ್‌ಗೆ ಹಾಕಿ, ಹಳೆಯ ವಿಳಾಸ ತುಂಬಿ, ಈ ಸಲ ಮೂರು ಬಾರಿ ಓದಿ ಅಪ್ಲೈ ಒತ್ತಿದೆ. ನಾಲ್ಕು ನಿಮಿಷದ ಕೆಲಸ.

ಖುಷಿಯಿಂದ ಇಳಿದು ನೇರ ಮೇಲಿನಕೇರಿಗೆ ಹೋದೆ. ಮನೆಯಲ್ಲಿ ಅಜ್ಜಿ ಮಾತ್ರ ಇದ್ದರು. ‘ನೆಟ್ಟು ಇಲ್ಲ ಅಂತ ಆರು ಗಂಟೆಗೇ ಹೋದ್ರು ಅಪ್ಪಿ, ಬೈಕಲ್ಲಿ. ಕೊಪ್ಪೆ ಒಂದೇ ಇತ್ತು, ಅವಳಿಗೆ ಹಾಕ್ಸಿದಾನೆ’ ಎಂದರು.

ವಾಪಸು ಬರುವಾಗ ಘಾಟಿಯ ತಿರುವಿನಲ್ಲಿ ಅವರು ಎದುರು ಸಿಕ್ಕರು. ಪೇಟೆಯ ಸೈಬರ್ ಸೆಂಟರಿನ ಬಾಗಿಲು ತೆಗೆಯುವವರೆಗೆ ಕಾದು, ಪಟ್ಟಿ ಬದಲಿಸಿ, ಪ್ರಿಂಟ್ ತೆಗೆಸಿಕೊಂಡು ಬರುತ್ತಿದ್ದರು. ಅಪ್ಪನ ಅಂಗಿ ಮೈಗೆ ಅಂಟಿಕೊಂಡಿತ್ತು. ತಪ್ಪು ನನ್ನದೇ ಎಂದು ಹೇಳಿದೆ. ಹೇಳುವುದಕ್ಕೆ ಮೊದಲು ಎರಡು ಸಲ ಮಾತು ಗಂಟಲಲ್ಲೇ ನಿಂತಿತು. ಅವರು ಮುಖ ಒರೆಸಿಕೊಂಡು, ‘ಹೊಳೆ ಹತ್ರದವರಿಗೂ ಬಂತನಾ ಈಗ?’ ಎಂದಷ್ಟೇ ಕೇಳಿದರು. ಹುಡುಗಿ ಮಾತ್ರ ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದು ಸರಿಯೇ ಇತ್ತು.

ಕೆಲಸ ಹೋಗಲಿಲ್ಲ. ಸಂಜೆ ಅಣ್ಣ ನಾವು ಬಳಸುವ ರೇಡಿಯೊದ ಪುಟ ತೆರೆದು, ಅಪ್ಲೈ ಪಕ್ಕದಲ್ಲೇ ಇದ್ದ ‘ಟೆಸ್ಟ್’ ಬಟನ್ ತೋರಿಸಿದರು. ಅದನ್ನು ಒತ್ತಿದರೆ ಬದಲಾವಣೆ ತಾತ್ಕಾಲಿಕ. ಮೂರು ನಿಮಿಷದೊಳಗೆ ನಾವು ಬಂದು ‘ಸರಿ ಇದೆ’ ಎನ್ನದಿದ್ದರೆ ರೇಡಿಯೊ ತಾನೇ ಹಳೆಯದಕ್ಕೆ ಮರಳುತ್ತದೆ. ಮೈಕ್ರೊಟಿಕ್‌ನಲ್ಲಿ ‘ಸೇಫ್ ಮೋಡ್’ ಎಂದು ಇಂಥದ್ದೇ ಇದೆ. ಇಷ್ಟು ದಿನ ಆ ಬಟನ್ ಕಣ್ಣಿಗೆ ಬಿದ್ದಿತ್ತು, ಅದು ಯಾಕಿದೆ ಎಂದು ಕೇಳಿರಲಿಲ್ಲ.

ಇನ್ನೊಂದು ಪಾಠ ಮಳೆಗಾಲ ಮುಗಿದ ಮೇಲೆ ಬಂತು. ಅಣ್ಣ ಗುಡ್ಡದ ಮೇಲೇ ಒಂದು ರೂಟರ್ ಇಟ್ಟು, ಪೇಟೆ–ಗುಡ್ಡದ ನಡುವಿನ ಕೊಂಡಿಗೆ ಎರಡೇ ವಿಳಾಸ ಇರುವ ಪುಟ್ಟ ಸಬ್‌ನೆಟ್ ಮಾಡಿಸಿದರು. ಪರೀಕ್ಷೆಯಲ್ಲಿ ‘/30’ ಎಂದು ಬರೆದು, ನಾಲ್ಕರಲ್ಲಿ ಎರಡೇ ಬಳಕೆಗೆ ಎಂದು ಲೆಕ್ಕ ಹಾಕುತ್ತೇವಲ್ಲ, ಅದೇ. ಎರಡೂ ತುದಿಯ ವಿಳಾಸ ಬದಲಿಸಬೇಕು. ಯಾವುದು ಮೊದಲು? ನಾನು ಅಭ್ಯಾಸಬಲದಿಂದ ತಾರಸಿಯದ್ದಕ್ಕೆ ಕೈ ಹಾಕಿದೆ. ಅಣ್ಣ ಕೈ ಹಿಡಿದರು. ‘ಹತ್ತಿರದ್ದನ್ನ ಮೊದಲು ಬದಲಿಸಿದ್ರೆ ದೂರದ್ದಕ್ಕೆ ಹೋಗೋ ದಾರಿ ನೀನೇ ಕಡಿದ ಹಾಗೆ. ದೂರದ್ದು ಮೊದಲು. ಅದು ಕಾಣದೇ ಹೋಗ್ತದೆ, ಹೆದರಬೇಡ. ಆಮೇಲೆ ಇದನ್ನ ಬದಲಿಸು, ಸಿಗ್ತದೆ.’ ಹಾಗೇ ಮಾಡಿದೆ. ಆ ಎರಡು ನಿಮಿಷದ ಮೌನ ಮಾತ್ರ ಇವತ್ತಿಗೂ ಅಭ್ಯಾಸವಾಗಿಲ್ಲ.

ರೂಟರ್ ಮೋಡ್ ಹಾಕಿದ ಮೇಲೆ ಎಲ್ಲ ಸುಖವಾಯಿತು ಎಂದೂ ಅಲ್ಲ. ಒಬ್ಬರ ಮಗ ಬೆಂಗಳೂರಿನಲ್ಲಿ ಕೂತು ತೋಟದ ಸಿಸಿಟಿವಿ ನೋಡಬೇಕು. ಕ್ಯಾಮೆರಾ ಡಬ್ಬಿಗೆ ಮನೆಯ ವೈಫೈ ರೂಟರ್‌ನಲ್ಲಿ ಪೋರ್ಟ್ ತೆರೆದಿದ್ದಾನೆ, ಆದರೂ ಬರುತ್ತಿಲ್ಲ. ‘ಏನ್ರೀ ನಿಮ್ಮ ಇಂಟರ್ನೆಟ್ಟು’ ಎಂದು ಫೋನಿನಲ್ಲೇ ಜಾಡಿಸಿದ. ಬರುವುದಾದರೂ ಹೇಗೆ? ಅವನ ವೈಫೈ ರೂಟರಿನಲ್ಲಿ ಒಂದು ನ್ಯಾಟ್, ನಮ್ಮ ಬುಟ್ಟಿಯಲ್ಲಿ ಇನ್ನೊಂದು, ಆಫೀಸಿನಲ್ಲಿ ಮತ್ತೊಂದು. ಹೊರಗಿನಿಂದ ಬರುವವನು ಮೂರು ಬಾಗಿಲು ತಟ್ಟಬೇಕು, ಅವನು ತೆಗೆದದ್ದು ಒಳಗಿನ ಒಂದನ್ನು ಮಾತ್ರ. ಕೊನೆಗೆ ಆ ಮನೆಯ ಬುಟ್ಟಿಯೊಂದನ್ನು ಬ್ರಿಜ್ ಮೋಡ್‌ಗೇ ಮರಳಿಸಿ, ತಿಂಗಳಿಗೆ ಸ್ವಲ್ಪ ಹೆಚ್ಚು ಹಣ ಪಡೆದು, ಬೇರೆ ಯಾರೊಂದಿಗೂ ಹಂಚಿಕೊಳ್ಳದ ಒಂದು ಸಾರ್ವಜನಿಕ ವಿಳಾಸ ಕೊಟ್ಟೆವು. ಯಾವ ಮೋಡ್ ಒಳ್ಳೆಯದು ಎಂದು ಈಗ ಯಾರಾದರೂ ಕೇಳಿದರೆ, ಆ ಮನೆಯಲ್ಲಿ ಏನು ಮಾಡುತ್ತಾರೆ ಎಂದು ನಾನು ತಿರುಗಿ ಕೇಳುತ್ತೇನೆ.

ಕೆಲಸ ಹುಡುಕುತ್ತಿರುವ ಜೂನಿಯರ್‌ಗಳು ಫೋನ್ ಮಾಡಿ ಯಾವ ಕೋರ್ಸ್ ಮಾಡಲಿ ಎನ್ನುತ್ತಾರೆ. ಕೋರ್ಸ್ ಮಾಡುವವರು ಮಾಡಲಿ. ನಾನು ಹೇಳುವುದು, ಮೊದಲು ಸಿಸ್ಕೊದವರ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ. ಮನೆಯಲ್ಲಿ ಮೂಲೆ ಸೇರಿದ ಹಳೆಯ ವೈಫೈ ಡಬ್ಬಿ ಎರಡಿದ್ದರೆ ಇನ್ನೂ ಒಳ್ಳೆಯದು. ಒಂದನ್ನು ಬ್ರಿಜ್ ಮಾಡಿ, ಒಂದನ್ನು ರೂಟರ್ ಮಾಡಿ, ಬೇಕೆಂದೇ ಕೇಬಲ್ಲನ್ನು ತಪ್ಪು ಕಿಂಡಿಗೆ ಹಾಕಿ ಲ್ಯಾಪ್‌ಟಾಪಿಗೆ ಯಾವ ವಿಳಾಸ ಬಂತು ನೋಡಿ. ನಿಮ್ಮ ಮನೆಯ ಇಂಟರ್ನೆಟ್ ಒಂದು ಗಂಟೆ ನಿಂತರೆ ಅಮ್ಮ ಬೈಯಬಹುದು, ಅಷ್ಟೇ.

ನನ್ನ ಬ್ಯಾಗಿನಲ್ಲಿ ಈಗ ಒಂದು ಇನ್ನೂರು ಪುಟದ ನೋಟ್‌ಬುಕ್ ಇರುತ್ತದೆ. ಯಾವ ಮನೆ, ಯಾವ ಬುಟ್ಟಿ, ಯಾವ ಮೋಡ್, ಎರಡು ಮುಖದ ವಿಳಾಸ, ಬದಲಿಸಿದ ದಿನಾಂಕ. ಗುಡ್ಡದ ರೇಡಿಯೊದ ಪುಟ ಮಾತ್ರ ಬೇರೆ ಬ್ರೌಸರ್‌ನಲ್ಲೇ ತೆರೆಯುತ್ತೇನೆ, ಉಳಿದವುಗಳ ಜೊತೆ ಎಂದೂ ಅಲ್ಲ. ಪ್ರತಿ ಮನೆಯ ವೈಫೈ ಡಬ್ಬಿಯ ಮೇಲೂ ನೀಲಿ ಕಿಂಡಿಯ ಪಕ್ಕ ಒಂದು ಸ್ಟಿಕ್ಕರ್ ಅಂಟಿಸಿದ್ದೇವೆ.

ಮೊನ್ನೆ ಮೇಲಿನಕೇರಿಯಿಂದ ಫೋನ್ ಬಂತು, ಈ ಸಲ ಹುಡುಗಿಯೇ. ಶಿವಮೊಗ್ಗದ ಕಾಲೇಜಿನಲ್ಲಿ ಇಸಿ ಸಿಕ್ಕಿದೆ, ರಜೆಗೆ ಬಂದಿದ್ದಾಳೆ. ‘ಅಣ್ಣಾ, ಅಜ್ಜಿ ಡಬ್ಬಿ ಒರೆಸುವಾಗ ಸ್ಟಿಕ್ಕರ್ ಕಿತ್ತುಹಾಕಿದಾರೆ, ವೈರೂ ಕಳಚಿದೆ. ನೀಲಿಗೇ ಅಲ್ವಾ ಹಾಕೋದು?’

‘ನೀಲಿಗೆ’ ಎಂದೆ. ‘ಹಾಕಿ ಒಂದು ನಿಮಿಷ ಬಿಟ್ಟು ಯಾವ ವಿಳಾಸ ಬಂತು ಹೇಳು.’

‘192.168.50.12’ ಎಂದಳು.